ಹಣ್ಣು–ತರಕಾರಿಗಳನ್ನು ಮನೆಯಲ್ಲಿ ಕೆಡದಂತೆ ಕಾಪಾಡುವ ಬಗೆ

ಸೊಪ್ಪು, ತರಕಾರಿ, ಹಣ್ಣುಗಳನ್ನು ಹೆಚ್ಚಾಗಿ ಸೇವಿಸಬೇಕೆಂದು ವೈದ್ಯರೆಲ್ಲರೂ ಹೇಳುತ್ತೇವೆ. ಆಯುರ್ವೇದದವರೂ ಹೇಳುತ್ತೇವೆ, ಆಧುನಿಕ ಪದ್ಧತಿಯವರೂ ಹೇಳುತ್ತಾರೆ. ಆದರೆ ಅಂಗಡಿಯಿಂದ ತಂದ ತರಕಾರಿಯು ಅಡುಗೆಯ ದಿನದವರೆಗೆ ತಿನ್ನಲು ಯೋಗ್ಯವಾಗಿ ಉಳಿಯುವುದು ಹೇಗೆಂಬುದನ್ನು ರೋಗಿಗೆ ತಿಳಿಸಿಕೊಡುವ ವೈದ್ಯರು ವಿರಳ. ಅದು ಅಡುಗೆಮನೆಯ ವಿಚಾರವೆಂದು ಬಿಟ್ಟುಬಿಡುವುದೇ ವಾಡಿಕೆ. ಅನೇಕ ವರ್ಷಗಳ ವೃತ್ತಿಯಲ್ಲಿ ನಾವು ಕಂಡಿರುವಂತೆ, ಪಥ್ಯವು ತಪ್ಪುವುದಕ್ಕೆ ನಾಲಗೆಯ ಚಾಪಲ್ಯವೊಂದೇ ಕಾರಣವಲ್ಲ. ವಾರದ ನಡುವಿನಲ್ಲಿ ಮನೆಯೊಳಗೆ ಒಳ್ಳೆಯ ತರಕಾರಿಯೇ ಉಳಿದಿರುವುದಿಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಂತಹ ಹಳೆಯ ಬಡಾವಣೆಗಳಲ್ಲಿ ಹಿರಿಯ ದಂಪತಿಗಳು ಇಬ್ಬರೇ ಇರುವ ಮನೆಗಳು ಅನೇಕ. ಮಕ್ಕಳು ನಗರದ ಇನ್ನೊಂದು ತುದಿಯಲ್ಲೋ ಹೊರದೇಶದಲ್ಲೋ ಇರುತ್ತಾರೆ. ಶನಿವಾರ ಬಂದಾಗ, ಅಥವಾ ದೂರದಿಂದಲೇ ಮೊಬೈಲಿನಲ್ಲಿ ಆರ್ಡರ್ ಮಾಡಿ, ಇಡೀ ವಾರಕ್ಕಾಗುವಷ್ಟು ತರಕಾರಿಯನ್ನು ಒಮ್ಮೆಲೇ ತುಂಬಿಸಿಕೊಡುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಮಂಗಳವಾರದ ಹೊತ್ತಿಗೆ ಮೆಂತ್ಯದ ಸೊಪ್ಪು ಚೀಲದೊಳಗೇ ಲೋಳೆಯಾಗುತ್ತದೆ. ಬುಧವಾರ ಬೆಂಡೆಕಾಯಿ ಕಪ್ಪಾಗುತ್ತದೆ. ಗುರುವಾರ ಟೊಮೆಟೊ ಒಡೆದು ನೀರೂರುತ್ತದೆ. ಉಳಿದ ದಿನಗಳಲ್ಲಿ ಅನ್ನ, ತಿಳಿಸಾರು, ಉಪ್ಪಿನಕಾಯಿ. ಇಂತಹ ಮನೆಗಳಿಂದಲೇ ಮಲಬದ್ಧತೆ, ನಿಶ್ಶಕ್ತಿ, ಏರಿಳಿಯುವ ಸಕ್ಕರೆಯ ಪ್ರಮಾಣ ಎಂಬ ದೂರುಗಳು ನಮ್ಮ ಬಳಿಗೆ ಬರುತ್ತವೆ. ತ್ರಿಫಲಾ ಚೂರ್ಣವನ್ನು ಬರೆದುಕೊಡುವ ಮುನ್ನ ಅವರ ಮನೆಯ ತರಕಾರಿ ಬುಟ್ಟಿಯ ವಿಚಾರವನ್ನು ಕೇಳುವುದು ನಮ್ಮ ಪದ್ಧತಿ. ಈ ಲೇಖನವೂ ಆ ಬುಟ್ಟಿಯನ್ನೇ ಕುರಿತದ್ದು.

ಎಷ್ಟು ಬೇಕು, ಎಷ್ಟು ತರಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ಇಬ್ಬರಿರುವ ಮನೆಗೆ ದಿನಕ್ಕೆ 1 ಕಿಲೋ, ವಾರಕ್ಕೆ 7 ಕಿಲೋ ಆಯಿತು. ಇಷ್ಟನ್ನೂ ಒಮ್ಮೆಗೇ ತಂದರೆ ಚಿಕ್ಕ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಹಿಡಿಸದು. ಒತ್ತಿ ತುಂಬಿದರೆ ನಡುವೆ ತಂಪು ಗಾಳಿಯಾಡದೆ ಅಡಿಯಲ್ಲಿರುವುದು ಮೊದಲು ಕೊಳೆಯುತ್ತದೆ. ಆದುದರಿಂದ ಮೊದಲ ಸಲಹೆಯೆಂದರೆ ವಾರಕ್ಕೆ ಎರಡು ಬಾರಿ ತರುವುದು. ಗೆಡ್ಡೆ, ಕೋಸು, ಕುಂಬಳಗಳನ್ನು ವಾರಕ್ಕೊಮ್ಮೆ ತಂದರೆ ಸಾಕು. ಸೊಪ್ಪು ಮತ್ತು ಎಳೆಯ ಕಾಯಿಗಳನ್ನು ಎರಡು ಕಂತಿನಲ್ಲಿ ತರಬೇಕು.

ನಮ್ಮ ಭಾಗದಲ್ಲಿ ಇದು ಕಷ್ಟದ ಕೆಲಸವಲ್ಲ. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಮೂಲಕ ಮಾಗಡಿ, ಕುಣಿಗಲ್, ರಾಮನಗರದ ಕಡೆಯ ಸೊಪ್ಪು–ತರಕಾರಿ ನಗರಕ್ಕೆ ಬರುತ್ತದೆ. ಈರುಳ್ಳಿ, ಆಲೂಗಡ್ಡೆಗಳ ದೊಡ್ಡ ಮಂಡಿ ಯಶವಂತಪುರದಲ್ಲಿಯೇ ಇದೆ. 1959ರಲ್ಲಿ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದ ಸಂಸ್ಥೆಯೇ ಇಂದಿನ ಹಾಪ್‌ಕಾಮ್ಸ್. ಅದರ ಮಳಿಗೆಗಳು ನಗರದ ಬಡಾವಣೆಗಳಲ್ಲಿ ಇವೆ. ಬೆಳಗಿನ ತಳ್ಳುಗಾಡಿಯವರಂತೂ ಬಾಗಿಲಿಗೇ ಬರುತ್ತಾರೆ. ಎರಡು ದಿನಕ್ಕೊಮ್ಮೆ ಒಂದು ಕಟ್ಟು ಸೊಪ್ಪು ಕೊಳ್ಳಲು ನಾಲ್ಕು ಹೆಜ್ಜೆ ನಡೆದುಹೋದರೆ ಹಿರಿಯರಿಗೆ ಅದೊಂದು ವ್ಯಾಯಾಮವೂ ಆಗುತ್ತದೆ.

ಕಿತ್ತ ಮೇಲೂ ಉಸಿರಾಡುವ ವಸ್ತು

ತರಕಾರಿಯನ್ನು ಗಿಡದಿಂದ ಕಿತ್ತ ಕ್ಷಣಕ್ಕೇ ಅದರ ಜೀವಕ್ರಿಯೆ ನಿಲ್ಲುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ತನ್ನಲ್ಲಿ ಕೂಡಿಟ್ಟುಕೊಂಡ ಸಕ್ಕರೆಯನ್ನು ಕರಗಿಸುತ್ತ, ಶಾಖವನ್ನೂ ನೀರಿನ ಆವಿಯನ್ನೂ ಹೊರಬಿಡುತ್ತ ಉಸಿರಾಡುತ್ತಲೇ ಇರುತ್ತದೆ. ಬೇರಿನಿಂದ ಬರುತ್ತಿದ್ದ ನೀರು ನಿಂತಿದೆ, ಎಲೆಯಿಂದ ಬರುತ್ತಿದ್ದ ಆಹಾರ ನಿಂತಿದೆ; ಇರುವ ಗಂಟನ್ನು ಕರಗಿಸಿಕೊಂಡು ಅದು ದಿನ ದೂಡಬೇಕು. ತರಕಾರಿಯನ್ನು ಕಾಪಾಡುವುದೆಂದರೆ ಆ ಉಸಿರನ್ನು ಪೂರ್ತಿ ಕಟ್ಟಿಬಿಡದೆ ನಿಧಾನಗೊಳಿಸುವುದು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಸೂಚನೆಗಳಲ್ಲಿ ಬಹುಪಾಲು ತಾವಾಗಿಯೇ ಅರ್ಥವಾಗುತ್ತವೆ.

ಇಲ್ಲಿ ಮೂರು ಸಂಗತಿಗಳು ಮುಖ್ಯ. ಮೊದಲನೆಯದು ಶಾಖ. ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಏರಿದರೆ ತರಕಾರಿಯ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತಂಪೆಂದು ನಾವು ಭಾವಿಸುತ್ತೇವೆ. ಆದರೆ ಚೈತ್ರ–ವೈಶಾಖದ ಮಧ್ಯಾಹ್ನ, ತಾರಸಿಯ ಕೆಳಗಿನ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಬುಟ್ಟಿಯೊಳಗೆ ಆ ತಂಪು ಇರುವುದಿಲ್ಲ. ಎರಡನೆಯದು ನೀರು. ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇದೆ. ತೂಕದ ಶೇಕಡ 5ರಿಂದ 10ರಷ್ಟು ನೀರು ಆರಿದರೆ ಸಾಕು, ಎಲೆ ಬಾಡುತ್ತದೆ. ಆದರೆ ಹೊರಮೈಯಲ್ಲಿ ನೀರು ನಿಂತರೆ ಅಲ್ಲಿಯೇ ಬೂಷ್ಟು ಹುಟ್ಟುತ್ತದೆ. ಒಳಗಿನ ನೀರು ಹೋಗಬಾರದು, ಹೊರಗೆ ನೀರು ನಿಲ್ಲಬಾರದು. ಮೂರನೆಯದು ಎಥಿಲಿನ್ ಎಂಬ ಅನಿಲ. ಮಾಗುವ ಬಾಳೆ, ಮಾವು, ಪರಂಗಿ, ಸಪೋಟ, ಸೇಬು, ಟೊಮೆಟೊಗಳು ಈ ಅನಿಲವನ್ನು ಹೊರಬಿಡುತ್ತವೆ. ಅದು ತಗುಲಿದರೆ ಪಕ್ಕದಲ್ಲಿರುವ ಸೊಪ್ಪು ಹಳದಿಯಾಗುತ್ತದೆ, ಸೌತೆಕಾಯಿ ಮೆತ್ತಗಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಒಂದು ಹಣ್ಣು ಕೊಳೆತರೆ ಬುಟ್ಟಿಯೆಲ್ಲ ಕೊಳೆಯುವುದೆಂಬ ಹಿರಿಯರ ಅನುಭವಕ್ಕೆ ಬೂಷ್ಟು ಹರಡುವುದರ ಜೊತೆಗೆ ಈ ಅನಿಲವೂ ಕಾರಣ.

ತಂಗಳು ಯಾವುದು, ತಾಜಾ ಯಾವುದು

ರೆಫ್ರಿಜರೇಟರಿಗೆ ಕನ್ನಡದಲ್ಲಿ ‘ತಂಗಳುಪೆಟ್ಟಿಗೆ’ ಎಂಬ ಹೆಸರೊಂದು ಚಾಲ್ತಿಗೆ ಬಂದಿದೆ. ಆ ಹೆಸರಿನಲ್ಲಿರುವ ಮೂದಲಿಕೆಯನ್ನೇ ನಂಬಿ, ಫ್ರಿಜ್ಜಿನಲ್ಲಿಟ್ಟದ್ದೆಲ್ಲವೂ ತಂಗಳು, ಆಯುರ್ವೇದಕ್ಕೆ ಅದು ನಿಷಿದ್ಧ ಎಂದು ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಆಯುರ್ವೇದದಲ್ಲಿ ‘ಪರ್ಯುಷಿತ’ವೆಂದು ಕರೆಯುವುದು ಮುಖ್ಯವಾಗಿ ಬೇಯಿಸಿ ರಾತ್ರಿ ಕಳೆದ ಅನ್ನವನ್ನು. ಬೇಯಿಸಿದ ಪದಾರ್ಥಕ್ಕೆ ತನ್ನನ್ನು ತಾನು ರಕ್ಷಿಸಿಕೊಳ್ಳುವ ಶಕ್ತಿ ಇರುವುದಿಲ್ಲ; ಹಸಿ ಕ್ಯಾರೆಟ್ಟಿಗೆ ಆ ಶಕ್ತಿ ಇನ್ನೂ ಇದೆ. ಹೊರಗಿಟ್ಟು ಬಾಡಿಸಿದ ಸೊಪ್ಪಿಗಿಂತ ತಂಪಿನಲ್ಲಿಟ್ಟು ಹಸಿರಾಗಿ ಉಳಿಸಿಕೊಂಡ ಸೊಪ್ಪು ಶ್ರೇಷ್ಠ. ಬಿಸಿಯಲ್ಲಿ ಬಾಡುವ ಎಲೆಯಲ್ಲಿ ಸಿ ಜೀವಸತ್ತ್ವವೂ ಬೇಗ ನಶಿಸುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವು ಅನ್ನಪಾನವಿಧಿಯನ್ನು ಹೇಳುತ್ತದೆ. ಅದರಲ್ಲಿ ಶಾಕವರ್ಗ, ಫಲವರ್ಗ, ಹರಿತವರ್ಗಗಳ ಗುಣವರ್ಣನೆಯಿದೆ. ಕೊನೆಯ ಭಾಗದಲ್ಲಿ ಯಾವುದನ್ನು ವರ್ಜಿಸಬೇಕೆಂಬ ಮಾತೂ ಇದೆ: ಹುಳು ಹಿಡಿದ, ಗಾಳಿ ಬಿಸಿಲಿಗೆ ಸೊರಗಿದ, ಒಣಗಿದ, ಬಲಿತು ಹಳತಾದ, ಋತುವಲ್ಲದ ಋತುವಿನಲ್ಲಿ ಬೆಳೆದ ಶಾಕವನ್ನು ಬಿಡಬೇಕು; ಹಣ್ಣಾದರೆ ಹಳೆಯದು, ಮಾಗದ್ದು, ಹಿಮ ಬಿಸಿಲುಗಳಿಂದ ಕೆಟ್ಟದ್ದು, ಕೊಳೆತದ್ದು ಬೇಡ. ವಸ್ತುವಿನ ಸ್ಥಿತಿ ಹೇಗಿದೆ ಎಂಬುದೇ ಅಲ್ಲಿನ ಒರೆಗಲ್ಲು. ‘ಹಿಮ’ದಿಂದಲೂ ಹಣ್ಣು ಕೆಡುತ್ತದೆಂಬುದನ್ನು ಆಚಾರ್ಯರು ಗುರುತಿಸಿರುವುದು ಗಮನಾರ್ಹ. ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದೂ ಇದೇ ಜಾತಿಯ ಹಾನಿ. ತಂಪು ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಹಿತವಲ್ಲ.

ತಂದ ದಿನದ ಅರ್ಧ ಗಂಟೆ

ತರಕಾರಿಯ ಆಯುಷ್ಯವು ಅದು ಮನೆಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ ಬಹುಪಾಲು ನಿರ್ಧಾರವಾಗುತ್ತದೆ. ಪ್ಲಾಸ್ಟಿಕ್ ಚೀಲಗಳನ್ನು ಗಂಟು ಬಿಚ್ಚದೆ ಹಾಗೆಯೇ ಫ್ರಿಜ್ಜಿಗೆ ತಳ್ಳುವುದು ನಾವು ಕಾಣುವ ದೊಡ್ಡ ಲೋಪ. ಚೀಲದೊಳಗೆ ತರಕಾರಿಯ ಉಸಿರಿನಿಂದ ಬಂದ ಆವಿಯು ಹನಿಗಟ್ಟಿ ಎಲೆಯ ಮೇಲೆಯೇ ಬೀಳುತ್ತದೆ, ಕೊಳೆ ಅಲ್ಲಿಂದ ಮೊದಲಾಗುತ್ತದೆ.

ಎಲ್ಲವನ್ನೂ ಮೊರದಲ್ಲೋ ಶುಭ್ರವಾದ ಬಟ್ಟೆಯ ಮೇಲೋ ಹರವಿ. ಒಡೆದದ್ದು, ಗಾಯವಾದದ್ದು, ಮೆತ್ತಗಾದದ್ದು ಬೇರೆಯಾಗಲಿ. ಚೆನ್ನಾಗಿರುವ ಭಾಗವನ್ನು ಅಂದೇ ಬಳಸಿ, ಕೊಳೆತಿದ್ದರೆ ಬಿಸುಡಿ. ಸೊಪ್ಪಿನ ಕಟ್ಟನ್ನು ಬಿಚ್ಚಿ, ಹಳದಿ ಎಲೆ, ಕೊಳೆತ ಕಡ್ಡಿಗಳನ್ನು ಆರಿಸಿ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸುಗಳ ತಲೆಯ ಸೊಪ್ಪನ್ನು ಕತ್ತರಿಸಿ ಬೇರ್ಪಡಿಸಿ. ಇಲ್ಲವಾದರೆ ಆ ಎಲೆಗಳು ಗೆಡ್ಡೆಯ ನೀರನ್ನೇ ಎಳೆದುಕೊಂಡು ಗೆಡ್ಡೆಯನ್ನು ಜೋತುಬೀಳಿಸುತ್ತವೆ. ಎಳೆಯದಾಗಿದ್ದರೆ ಆ ಸೊಪ್ಪಿನಿಂದಲೂ ಪಲ್ಯವಾಗುತ್ತದೆ.

ತೊಳೆಯುವ ವಿಚಾರದಲ್ಲಿ ಗೊಂದಲ ಬೇಡ. ಇಡುವ ಮುನ್ನ ತೊಳೆಯದಿರುವುದೇ ಮೇಲು. ಅಡುಗೆಗೆ ತೆಗೆದಾಗ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಸೋಪು, ಪಾತ್ರೆ ತೊಳೆಯುವ ಪುಡಿಗಳ ಬಳಕೆ ಕೂಡದು. ಮಣ್ಣು ತುಂಬಿದ ಸೊಪ್ಪನ್ನು ತೊಳೆದೇ ಇಡಬೇಕೆನ್ನುವವರು ನೀರನ್ನು ಝಾಡಿಸಿ, ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಪೂರ್ತಿ ಆರಿಸಿಯೇ ಇಡಬೇಕು. ದ್ರಾಕ್ಷಿಯ ಮೇಲಿನ ಮಸುಕು ಬಿಳುಪು, ಬೂದುಗುಂಬಳದ ಮೇಲಿನ ಬೂದಿ ಇವು ಆ ಕಾಯಿಗಳು ತಮ್ಮ ನೀರು ಆರದಂತೆ ತಾವೇ ಹೊದ್ದುಕೊಂಡ ಮೇಣದ ಹೊದಿಕೆ. ಕೆಲವರು ದ್ರಾಕ್ಷಿಯ ಮಸುಕನ್ನೆಲ್ಲ ಔಷಧಿಯೆಂದು ಬಗೆಯುತ್ತಾರೆ. ಅದು ಸಹಜವಾದ ಮೇಣವೂ ಹೌದು. ತಿನ್ನುವಾಗ ತೊಳೆಯಿರಿ, ಇಡುವಾಗ ಒರೆಸಬೇಡಿ.

ಸುತ್ತಿಡಲು ಹಳೆಯ ಹತ್ತಿ ಪಂಚೆ, ಸೀರೆಗಳ ಒಗೆದ ತುಂಡುಗಳಿಗಿಂತ ಉತ್ತಮವಾದುದಿಲ್ಲ. ಅದು ಹೆಚ್ಚಿನ ತೇವವನ್ನು ಹೀರಿಕೊಳ್ಳುತ್ತದೆ, ಇರಬೇಕಾದ ತೇವವನ್ನು ಉಳಿಸುತ್ತದೆ. ಪತ್ರಿಕೆಯ ಕಾಗದದ ಮುದ್ರಣದ ಶಾಯಿ ಆಹಾರಕ್ಕೆ ತಗುಲಬಾರದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವೇ ಸೂಚಿಸಿದೆ. ಆದ್ದರಿಂದ ಅದನ್ನು ಬಿಡುವುದು ಲೇಸು.

ಯಾವುದಕ್ಕೆ ಯಾವ ಜಾಗ

ಮನೆಯಲ್ಲಿ ಮೂರು ಜಾಗಗಳನ್ನು ಗೊತ್ತುಮಾಡಿಕೊಳ್ಳಬೇಕು: ಒಣಗಿದ, ಗಾಳಿಯಾಡುವ, ಕತ್ತಲೆಯ ಜಾಗ, ಕೋಣೆಯ ನೆರಳಿನಲ್ಲಿರುವ ತೆರೆದ ಬುಟ್ಟಿ, ಫ್ರಿಜ್ಜು.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಸುವರ್ಣಗೆಡ್ಡೆ, ಗೆಣಸುಗಳು ಮೊದಲನೆಯ ಜಾಗಕ್ಕೆ ಸೇರಿದವು. ಇಂದಿನ ಮನೆಗಳಲ್ಲಿ ಈರುಳ್ಳಿಯ ಬುಟ್ಟಿಯನ್ನು ಸಿಂಕಿನ ಕೆಳಗೆ ತಳ್ಳುವುದು ರೂಢಿಯಾಗಿದೆ. ತೇವ ತುಂಬಿದ, ಗಾಳಿಯಿಲ್ಲದ ಆ ಮೂಲೆಯೇ ಮನೆಯಲ್ಲಿ ಈರುಳ್ಳಿಗೆ ಅತಿ ಕೆಟ್ಟ ಜಾಗ. ಬಾಲ್ಕನಿಯ ನೆರಳಿನ ಗೋಡೆಗೆ ಬಲೆಯ ಚೀಲದಲ್ಲಿ ತೂಗುಹಾಕಿದರೆ ಅದು ವಾರಗಟ್ಟಲೆ ಉಳಿಯುತ್ತದೆ. ಆಲೂಗಡ್ಡೆಯನ್ನು ಈರುಳ್ಳಿಯೊಡನೆ ಒಂದೇ ಬುಟ್ಟಿಯಲ್ಲಿ ಇಡಬೇಡಿ. ಆಲೂಗಡ್ಡೆ ಬಿಡುವ ತೇವದಿಂದ ಈರುಳ್ಳಿ ಕೊಳೆಯುತ್ತದೆ. ಬೆಳಕು ಬಿದ್ದರೆ ಆಲೂಗಡ್ಡೆ ಹಸಿರಾಗಿ, ಸೊಲನಿನ್ ಎಂಬ ವಿಷಾಂಶ ಅದರಲ್ಲಿ ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟವು ಸಕ್ಕರೆಯಾಗಿ ಬದಲಾಗಿ ರುಚಿಯೇ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಇಡೀ ಬೂದುಗುಂಬಳ, ಸಿಹಿಗುಂಬಳಗಳನ್ನು ತೊಟ್ಟು ಮುರಿಯದೆ ನೆಲದಿಂದ ಸ್ವಲ್ಪ ಎತ್ತರಿಸಿ ಇಟ್ಟರೆ ತಿಂಗಳುಗಳ ಕಾಲ ಕೆಡವು. ಕತ್ತರಿಸಿದ ಹೋಳು ಮಾತ್ರ ಫ್ರಿಜ್ಜಿಗೆ.

ಎರಡನೆಯ ಜಾಗಕ್ಕೆ ಟೊಮೆಟೊ ಮತ್ತು ಮಾಗಬೇಕಾದ ಹಣ್ಣುಗಳು. ಅರೆಮಾಗಿದ ಟೊಮೆಟೊಗಳನ್ನು ತೊಟ್ಟಿನ ಭಾಗ ಕೆಳಗಾಗುವಂತೆ, ಒಂದರ ಮೇಲೊಂದು ಹೇರದೆ ಹರವಿಡಬೇಕು. ಪೂರ್ತಿ ಕೆಂಪಾದವು ಹೆಚ್ಚಿದ್ದರೆ ಫ್ರಿಜ್ಜಿಗೆ ಹೋಗಲಿ. ರುಚಿ ತುಸು ಕುಂದಿದರೂ ಹುಳಿ–ಸಾರಿಗೆ ಅಡ್ಡಿಯಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ನಂತಹ ಗಟ್ಟಿ ತಿರುಳಿನ ತಳಿಗಳು ತೆಳು ಸಿಪ್ಪೆಯ ಹುಳಿ ಟೊಮೆಟೊಗಳಿಗಿಂತ ಹೆಚ್ಚು ದಿನ ಬಾಳುತ್ತವೆ. ಕೊಳ್ಳುವಾಗ ಒಂದೆರಡು ದಿನದ ಸಾರಿಗೆ ಮೆತ್ತನೆಯದನ್ನೂ ಮುಂದಿನ ದಿನಗಳಿಗೆ ಗಟ್ಟಿಯದನ್ನೂ ಆರಿಸಿಕೊಳ್ಳಬಹುದು.

ಉಳಿದುದಕ್ಕೆ ಫ್ರಿಜ್ಜು. ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಲಿ. ತರಕಾರಿಗೆ ಕೆಳಗಿನ ಟ್ರೇ ತಕ್ಕುದು. ಹಿಂಬದಿಯ ತಣ್ಣನೆಯ ಗೋಡೆಗೆ ತಾಗಿದ ಸೊಪ್ಪು ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಮೆಂತ್ಯ, ಪಾಲಕ್, ದಂಟು, ಸಬ್ಬಸಿಗೆಗಳನ್ನು ಒಣಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತವೆ. ಕೊತ್ತಂಬರಿಯನ್ನು ಬೇರು ಕತ್ತರಿಸದೆ ಬಟ್ಟೆ ಹಾಸಿದ ಡಬ್ಬದಲ್ಲಿಟ್ಟರೆ ವಾರದ ಹತ್ತಿರ ಬಾಳುತ್ತದೆ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ತೇವವಿಲ್ಲದಂತೆ ಆರಿಸಿ, ಮುಚ್ಚಿದ ಡಬ್ಬದಲ್ಲಿಡಬೇಕು. ಹಸಿಮೆಣಸಿನಕಾಯಿಯ ಕೊಳೆ ತೊಟ್ಟಿನ ಬುಡದಿಂದಲೇ ಆರಂಭವಾಗುವುದರಿಂದ ತೊಟ್ಟು ಬಿಡಿಸಿ ಇಡುವುದು ಒಳ್ಳೆಯದು. ನಿಂಬೆಹಣ್ಣು ಹೊರಗೆ ನಾಲ್ಕೈದು ದಿನದಲ್ಲಿ ಸಿಪ್ಪೆ ಗಟ್ಟಿಯಾಗಿ ಸೊರಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನೊಳಗಿಟ್ಟರೆ ಮೂರು ನಾಲ್ಕು ವಾರ ರಸಭರಿತವಾಗಿರುತ್ತದೆ.

ಬೆಂಡೆ, ಬದನೆ, ಸೌತೆ, ಹೀರೆ, ಹಾಗಲಕಾಯಿಗಳು ಬಿಸಿಯ ನೆಲದವು; ಅತಿ ತಂಪು ಅವಕ್ಕೆ ಆಗಿಬರದು. ಟ್ರೇಯ ಮೇಲ್ಭಾಗದಲ್ಲಿ ಬಟ್ಟೆ ಸುತ್ತಿ ಇಟ್ಟು, ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಹುರುಳಿಕಾಯಿ, ಗೋರಿಕಾಯಿ ನಾಲ್ಕೈದು ದಿನ ತಾಳುತ್ತವೆ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸುಗಳು ಎರಡು ವಾರ ಬಾಳುವ ಗಟ್ಟಿ ಜೀವಗಳು. ಸಂಕ್ರಾಂತಿಯ ಹೊತ್ತಿನ ಮಾಗಡಿಯ ಅವರೆಕಾಯಿಯನ್ನು ಕಂಡು ಕೈ ತಡೆಯದೆ ಹೆಚ್ಚು ಕೊಳ್ಳುವುದು ನಮ್ಮವರ ಸ್ವಭಾವ. ಸುಲಿದ ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಸೋಸಿ, ಆರಿಸಿ, ಮೇಲಿನ ಫ್ರೀಜರಿನಲ್ಲಿಟ್ಟರೆ ಯುಗಾದಿಯವರೆಗೂ ಹಿತಕಿದ ಬೇಳೆಯ ಸಾರು ಮಾಡಬಹುದು.

ಹಣ್ಣುಗಳ ಎರಡು ಜಾತಿ

ಕಿತ್ತ ಮೇಲೂ ಮಾಗುವ ಹಣ್ಣುಗಳು ಒಂದು ಬಗೆ: ಬಾಳೆ, ಮಾವು, ಪರಂಗಿ, ಸಪೋಟ, ಸೀತಾಫಲ, ಹಲಸು. ಇವು ಮಾಗುವವರೆಗೆ ಹೊರಗಿರಬೇಕು. ಮಾಗಿದ ಮೇಲೆ ಮಾವು, ಸಪೋಟ, ಪರಂಗಿಗಳನ್ನು ಒಂದೆರಡು ದಿನ ಫ್ರಿಜ್ಜಿನಲ್ಲಿ ತಡೆದಿಡಬಹುದು. ಕಿತ್ತ ಮೇಲೆ ಮಾಗದವು ಇನ್ನೊಂದು ಬಗೆ: ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ಮೂಸಂಬಿ, ಅನಾನಸ್. ಹುಳಿ ದ್ರಾಕ್ಷಿಯನ್ನು ಎಷ್ಟು ದಿನ ಇಟ್ಟರೂ ಅದು ಸಿಹಿಯಾಗದು. ಆದ್ದರಿಂದ ಕೊಳ್ಳುವಾಗಲೇ ರುಚಿ ನೋಡಿ ಕೊಂಡು, ನೇರವಾಗಿ ತಂಪಿನಲ್ಲಿಡಬೇಕು.

ಬಾಳೆಹಣ್ಣಿಗೆ ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪು ಹಿಡಿಸದು. ಚಿಪ್ಪನ್ನು ಮೊಳೆಗೆ ತೂಗುಹಾಕಿದರೆ ಅಡಿಯ ಹಣ್ಣು ಜಜ್ಜುವುದಿಲ್ಲ. ಏಲಕ್ಕಿ ಬಾಳೆ ಮಾಗಿದಂತೆ ಚಿಪ್ಪಿನಿಂದ ಕಳಚಿ ಬೀಳುವುದರಿಂದ ಅರ್ಧ ಕಾಯಾಗಿರುವುದನ್ನೂ ಮಾಗಿದ್ದನ್ನೂ ಬೆರೆಸಿ ತರುವುದು ಜಾಣತನ. ಮಾವಿನಕಾಯಿಯನ್ನು ಒಣಹುಲ್ಲಿನಲ್ಲೋ ಅಕ್ಕಿಯ ಡಬ್ಬದಲ್ಲೋ ಇಟ್ಟು ಮಾಗಿಸುವ ನಮ್ಮ ಹಳೆಯ ಪದ್ಧತಿಗೆ ಈಗಲೂ ಬೆಲೆಯಿದೆ. ಕಾಯಿ ತಾನೇ ಬಿಡುವ ಎಥಿಲಿನ್ ಅಲ್ಲಿಯೇ ನಿಂತು ಮಾಗುವಿಕೆಯನ್ನು ಬೇಗಗೊಳಿಸುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಪುಡಿಯಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಮೈಯೆಲ್ಲ ಒಂದೇ ಸಮನೆ ಹಳದಿಯಾಗಿದ್ದು, ಪರಿಮಳವಿಲ್ಲದೆ ಒಳಗೆ ಗಟ್ಟಿಯಾಗಿರುವ ಹಣ್ಣನ್ನು ಹಂಗಾಮಿಗೆ ಮುನ್ನವೇ ಆಸೆಯಿಂದ ಕೊಳ್ಳದಿರುವುದೇ ವಿವೇಕ.

ಕತ್ತರಿಸಿದ ಹಣ್ಣು ಬೇರೆಯೇ ವಸ್ತು. ಸಿಪ್ಪೆಯೆಂಬ ಕವಚ ಹೋದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಮುಚ್ಚಿ ಫ್ರಿಜ್ಜಿನಲ್ಲಿಟ್ಟರೂ ಮರುದಿನದೊಳಗೆ ಮುಗಿಸಬೇಕು.

ಫ್ರಿಜ್ಜಿಲ್ಲದ ಮನೆಗೆ ಮರಳಿನ ಮಡಕೆ

ಕೆಂಗೇರಿಯಿಂದ ಆಚೆಗಿನ ಹೊಸ ಬಡಾವಣೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಫ್ರಿಜ್ಜಿಲ್ಲದೆ ಸಂಸಾರ ನಡೆಸುವವರು ಇದ್ದಾರೆ. ಅವರಿಗಾಗಿ ಒಂದು ಸುಲಭೋಪಾಯ. ಒಂದು ದೊಡ್ಡ ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆಯನ್ನಿಡಿ. ನಡುವಿನ ಎರಡು ಮೂರು ಬೆರಳಗಲದ ಸಂದಿನಲ್ಲಿ ಮರಳು ತುಂಬಿ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಚಿಮುಕಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ನೀರು ಆರುವಾಗ ಒಳಗಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಬೇಸಗೆಯಲ್ಲಿ ಹೂಜಿಯ ನೀರು ತಣ್ಣಗಿರುವುದೂ ಇದೇ ತತ್ತ್ವದಿಂದ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಎರಡು ಸಾಲು ಇಟ್ಟಿಗೆಯ ನಡುವೆ ಒದ್ದೆ ಮರಳು ತುಂಬಿ, ವಿದ್ಯುತ್ತಿಲ್ಲದ ತಂಪುಕೋಣೆಯನ್ನು ರೈತರಿಗಾಗಿ ರೂಪಿಸಿತು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರು ಮಡಕೆಯೊಳಗಿನ ಮಡಕೆಯನ್ನು ತಮ್ಮ ನಾಡಿನ ಹಳ್ಳಿಗಳಲ್ಲಿ ಹರಡಿ ಅಂತರರಾಷ್ಟ್ರೀಯ ಮನ್ನಣೆ ಪಡೆದರು.

ನಮ್ಮ ನಗರದಲ್ಲಿ ಮಾಘದಿಂದ ವೈಶಾಖದವರೆಗಿನ ಒಣಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ ಪ್ರಯೋಜನ ಕಡಿಮೆ. ಸೊಪ್ಪು, ಟೊಮೆಟೊ, ಬದನೆ, ಬೆಂಡೆಗಳಿಗೆ ಇದು ಹಿತ. ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಅಡುಗೆಗಳಿಗೆ ಸಲ್ಲದು.

ಬಳಕೆಯ ಸರದಿ

ಎಷ್ಟೇ ಚೆನ್ನಾಗಿ ಇಟ್ಟರೂ ಸರದಿ ತಪ್ಪಿದರೆ ಶ್ರಮ ವ್ಯರ್ಥ. ಮೊದಲ ಎರಡು ದಿನ ಸೊಪ್ಪು; ಮೂರು, ನಾಲ್ಕನೆಯ ದಿನ ಬೆಂಡೆ, ಬದನೆ, ಹೀರೆ; ಆಮೇಲೆ ಹುರುಳಿಕಾಯಿ, ನವಿಲುಕೋಸು; ಕೊನೆಗೆ ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಕುಂಬಳ. ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ ದಿನವೂ ‘ಇವತ್ತೇನು ಮಾಡಲಿ’ ಎಂಬ ಪ್ರಶ್ನೆಯೂ ತಪ್ಪುತ್ತದೆ. ಹೊಸದು ಬಂದಾಗ ಹಳೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಇಡಬೇಕು. ಬಾಡಿದ್ದರೂ ಕೊಳೆಯದ ತರಕಾರಿಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಹುಳಿಗೋ ಸಾಗುವಿಗೋ ಬಳಸಬಹುದು. ಉಳಿದ ಕರಿಬೇವು, ನುಗ್ಗೆಸೊಪ್ಪುಗಳನ್ನು ನೆರಳಿನಲ್ಲಿ ಒಣಗಿಸಿದರೆ ಚಟ್ನಿಪುಡಿಯಾಗುತ್ತದೆ.

ದಾಸೋಹದ ಅಡುಗೆಮನೆಗಳಲ್ಲಿ ಭಕ್ತರು ತಂದ ತರಕಾರಿಯನ್ನು ಬಂದೊಡನೆ ಬಿಚ್ಚಿ, ಆರಿಸಿ, ಬೇಗ ಕೆಡುವುದನ್ನು ಅಂದಿನ ಅಡುಗೆಗೆ ತೆಗೆದುಕೊಳ್ಳುವುದನ್ನು ಅನೇಕರು ನೋಡಿರಬಹುದು. ಇಬ್ಬರೇ ಇರುವ ಮನೆಗೂ ಅದೇ ಕ್ರಮ ಸಾಕು.

ಬಿಸುಡಲೇಬೇಕಾದವು

ಕೊನೆಯದಾಗಿ, ಹಿರಿಯರಿಗೆ ಒಂದು ವಿಶೇಷ ವಿನಂತಿ. ಬಡತನವನ್ನು ಕಂಡು ಬೆಳೆದ ತಲೆಮಾರು ನಮ್ಮದು. ಅನ್ನವನ್ನು ಚೆಲ್ಲಬಾರದೆಂದು ಹಿರಿಯರು ಕಲಿಸಿದ್ದಾರೆ, ಅದು ಸರಿಯಾದ ಪಾಠ. ಆದರೆ ವಯಸ್ಸಾದಂತೆ ಮೂಗಿನ ಶಕ್ತಿಯೂ ಕಣ್ಣಿನ ಶಕ್ತಿಯೂ ಕುಗ್ಗುತ್ತವೆ. ಹಳಸಿದ ವಾಸನೆ, ಬೂಷ್ಟಿನ ತೆಳು ಪದರ ಗೊತ್ತಾಗುವುದಿಲ್ಲ. ಕೆಟ್ಟದ್ದನ್ನು ಉಂಡು ವಾಂತಿ ಭೇದಿಯಾದರೆ ಎಪ್ಪತ್ತು ದಾಟಿದ ದೇಹವು ಬೇಗನೆ ನಿರ್ಜಲವಾಗಿ, ಒಂದೇ ದಿನದಲ್ಲಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ಕಸದ ಬುಟ್ಟಿಗೆ ಹೋಗಬೇಕಾದುದನ್ನು ಹೊಟ್ಟೆಗೆ ಹಾಕಿದರೆ ಅದು ಉಳಿತಾಯವಲ್ಲ.

ಬೂಷ್ಟು ಬಂದ ಮೆತ್ತನೆಯ ಹಣ್ಣನ್ನು ಆ ಭಾಗ ಕತ್ತರಿಸಿ ತಿನ್ನಬೇಡಿ. ಪೂರ್ತಿ ಬಿಸುಡಿ, ಕಣ್ಣಿಗೆ ಕಾಣದ ಎಳೆಗಳು ಒಳಗೆ ಹರಡಿರುತ್ತವೆ. ಲೋಳೆಯಾದ ಸೊಪ್ಪನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಹಸಿರು ವ್ಯಾಪಿಸಿದ ಆಲೂಗಡ್ಡೆ ಬೇಡ. ಸೋರೆಕಾಯಿಯ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಹಸಿ ಸೋರೆಕಾಯಿ ರಸವನ್ನು ಕುಡಿಯುವವರು ಮೊದಲು ಒಂದು ಚೂರನ್ನು ನಾಲಗೆಗೆ ತಾಗಿಸಿ ನೋಡಬೇಕು. ಕಹಿಯಿದ್ದರೆ ಒಂದು ಗುಟುಕನ್ನೂ ಕುಡಿಯಬಾರದು. ಆ ಕಹಿಯು ತೀವ್ರ ವಾಂತಿ, ರಕ್ತಸ್ರಾವ, ಪ್ರಾಣಾಪಾಯಗಳಿಗೂ ಕಾರಣವಾಗಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಪರಿಶೀಲಿಸಿ ಎಚ್ಚರಿಸಿದೆ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಧುಮೇಹವಿರುವವರು ‘ನಾಳೆಗೆ ಕೊಳೆಯುತ್ತದೆ’ ಎಂದು ಒಂದೇ ಸಂಜೆ ನಾಲ್ಕು ಮಾವಿನಹಣ್ಣು ಮುಗಿಸುವುದನ್ನೂ ನಾವು ಕಂಡಿದ್ದೇವೆ. ಮಿಕ್ಕ ಹಣ್ಣನ್ನು ಕಳಿತೊಡಗಿದಾಗಲೇ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟರೆ ಹಣ್ಣೂ ಸಾರ್ಥಕ, ಸಕ್ಕರೆಯೂ ಹತೋಟಿಯಲ್ಲಿ.

ಮಕ್ಕಳಿಗೆ ಹೇಳುವುದಿಷ್ಟು: ತಂದೆತಾಯಿಯರ ಮನೆಗೆ ಹೋದಾಗ ಹೊಸ ತರಕಾರಿಯನ್ನು ತುಂಬುವ ಮುನ್ನ ಫ್ರಿಜ್ಜಿನ ಕೆಳಗಿನ ಟ್ರೇಯನ್ನು ಹೊರಗೆಳೆದು ನೋಡಿ. ಅಲ್ಲಿ ಏನು ಉಳಿದಿದೆ, ಏನು ಕೊಳೆತಿದೆ ಎಂಬುದರಿಂದ ಅವರು ಹಿಂದಿನ ವಾರ ಏನು ಉಂಡರೆಂಬುದು ತಿಳಿಯುತ್ತದೆ. ಟ್ರೇಯನ್ನು ಒರೆಸಿ, ತಂದದ್ದನ್ನು ಅವರೊಡನೆ ಕುಳಿತು ಬಿಡಿಸಿ ಇಡಿ. ಅರ್ಧ ಗಂಟೆಯ ಆ ಕೆಲಸದಿಂದ ವಾರವಿಡೀ ಅವರ ತಟ್ಟೆಯಲ್ಲಿ ಹಸಿರು ಉಳಿಯುತ್ತದೆ.